ಆನೆ ನಡೆದದ್ದೇ ದಾರಿಯೇ?



"ಆನೆ ನಡೆದದ್ದೇ ದಾರಿ" ಎಂಬ ಗಾದೆಯನ್ನು ನಾವೆಲ್ಲರೂ ಬಾಲ್ಯದಿಂದ ಕೇಳುತ್ತ ಬಂದಿದ್ದೇವೆ. ಅದೇ ದಾರಿಯಲ್ಲಿ ಇರುವೆಯೂ ತನ್ನ ಕಾಳನ್ನು ಹೊತ್ತು ಸಾಗಬೇಕಾಗಿದೆ ಎಂಬುದನ್ನು ಮಾತ್ರ ಆ ಗಾದೆ ಹೇಳುವುದಿಲ್ಲ. ರಾಷ್ಟ್ರಪತಿಗಳಂತಹ ಮಹನೀಯರು ನಗರವೊಂದಕ್ಕೆ ಬಂದಾಗ ದಾರಿಗೂ ದಾರಿಹೋಕರಿಗೂ ಏನಾಗುತ್ತದೆ ಎಂಬುದನ್ನು ಕುರಿತು ಈ ತಿಂಗಳು ನಾಲ್ಕು ಮಾತುಗಳನ್ನು ಬರೆಯಬಯಸುತ್ತೇನೆ.

ಸೇಲಂ, ಧರ್ಮಪುರಿ ಸೀಮೆಯ ಕನ್ನಡ ಮನೆಗಳಿಗೆ ಬೆಂಗಳೂರು ನೆರೆರಾಜ್ಯದ ರಾಜಧಾನಿ ಮಾತ್ರವಲ್ಲ. ಅಲ್ಲಿ ನಮ್ಮ ನೆಂಟರಿದ್ದಾರೆ, ಮಕ್ಕಳ ಉದ್ಯೋಗವಿದೆ. ಕಾಯಿಲೆ ಕೈಮೀರಿದಾಗ ನಾವು ನಂಬುವ ನಿಮ್ಹಾನ್ಸ್, ಕಿದ್ವಾಯಿ ಮುಂತಾದ ಆಸ್ಪತ್ರೆಗಳೂ ಅಲ್ಲಿಯೇ ಇವೆ. ಮಕ್ಕಳು ಪರದೇಶಕ್ಕೆ ಹೊರಟರೆ ಎಷ್ಟೋ ವೇಳೆ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೇ ಹೋಗುತ್ತೇವೆ. 2008ರಲ್ಲಿ ತೆರೆದ ಆ ನಿಲ್ದಾಣವು ನಗರದ ಉತ್ತರಕ್ಕಿದೆ. ನಾವಾದರೋ ಅತ್ತಿಬೆಲೆಯ ಮೂಲಕ ದಕ್ಷಿಣದಿಂದ ಪ್ರವೇಶಿಸುವವರು. ಆದುದರಿಂದ ನಗರದ ನಡುವೆ ಒಂದು ವೃತ್ತ ಮುಚ್ಚಿದರೂ ಅದರ ಬಿಸಿ ಗಡಿಯಾಚೆಯ ನಮಗೂ ತಟ್ಟುತ್ತದೆ.

ಇದರಲ್ಲಿ ನನ್ನದೇ ಒಂದು ಅನುಭವವುಂಟು. ಕೆಲವು ವರ್ಷಗಳ ಹಿಂದೆ ತಂಗಿಯ ಮಗನನ್ನು ವಿಮಾನ ಹತ್ತಿಸಲು ನಗರವೊಂದಕ್ಕೆ ಹೋಗಿದ್ದೆ. ಊರಿನ ಹೆಸರು ಇಲ್ಲಿ ಬೇಡ. ಮಹನೀಯರೊಬ್ಬರು ಬರುವವರಿದ್ದುದರಿಂದ ನಮ್ಮ ಬಸ್ಸನ್ನು ನಡುದಾರಿಯಲ್ಲಿ ನಿಲ್ಲಿಸಿದರು. ಹುಡುಗ ಗಡಿಯಾರ ನೋಡುತ್ತಿದ್ದ, ನಾನು ಗೊಣಗುತ್ತಿದ್ದೆ. ಅಷ್ಟರಲ್ಲಿ ಹಿಂದಿನಿಂದ ಆಂಬುಲೆನ್ಸಿನ ಕೂಗು ಕೇಳಿಸಿತು. ಅದು ಬಹಳ ಹೊತ್ತು ಒಂದೇ ಸ್ಥಳದಿಂದ ಕೇಳಿಸುತ್ತಲೇ ಇತ್ತು. ಬಸ್ಸಿನಲ್ಲಿ ಮಾತು ನಿಂತಿತು. ತರಗತಿಯಲ್ಲಿ ನಾಗರಿಕ ಧರ್ಮವನ್ನು ಬೋಧಿಸುವ ನಾನು ಇಳಿದು ಹೋಗಿ ಪೊಲೀಸಿನವರಿಗೆ ಒಂದು ಮಾತು ಹೇಳಲಿಲ್ಲ. ಹುಡುಗನ ವಿಮಾನ ತಪ್ಪಿತು. ಮರುದಿನ ಬೇರೊಂದು ದೊರೆಯಿತು. ಆ ಆಂಬುಲೆನ್ಸಿನಲ್ಲಿದ್ದವರಿಗೆ ಮರುದಿನ ದೊರೆಯಿತೋ ಇಲ್ಲವೋ, ನಾನರಿಯೆ.

ಕಾವಲೇ ಬೇಡವೆನ್ನುವುದು ಅವಿವೇಕ. 1991ರ ಮೇ 21ರಂದು ಶ್ರೀಪೆರಂಬದೂರಿನಲ್ಲಿ ರಾಜೀವ್ ಗಾಂಧಿಯವರ ಹತ್ಯೆಯಾದುದು ನಾವಿರುವ ಈ ರಾಜ್ಯದಲ್ಲಿಯೇ. ಕಾವಲು ಸಡಿಲವಾದರೆ ಏನಾಗುವುದೆಂಬುದಕ್ಕೆ ನಮಗೆ ಬೇರೆ ಪಾಠ ಬೇಕಿಲ್ಲ. ವಾಹನಗಳ ಸಾಲು ಹಾದುಹೋಗುವುದು ಎರಡು ನಿಮಿಷದ ಕೆಲಸ. ಆದರೆ ಅದಕ್ಕೆ ಬಹು ಮುಂಚೆಯೇ ಅಡ್ಡದಾರಿಗಳನ್ನು ಮುಚ್ಚಬೇಕಾಗುತ್ತದೆ. ಹಾಗೆ ಬಿದ್ದ ಗಂಟು ಬಿಚ್ಚಿಕೊಳ್ಳಲು ಮತ್ತಷ್ಟು ಹೊತ್ತು ಹಿಡಿಯುತ್ತದೆ.

ಆಕಾಶದಲ್ಲಿಯೂ ಹೀಗೆಯೇ. ವಿಶೇಷ ವಿಮಾನವು ಏರುವಾಗ, ಇಳಿಯುವಾಗ ಉಳಿದ ವಿಮಾನಗಳು ಓಡುದಾರಿಯ ಅಂಚಿನಲ್ಲಿ ಕಾಯುತ್ತವೆ, ಇಲ್ಲವೇ ಆಕಾಶದಲ್ಲಿ ಸುತ್ತು ಹಾಕುತ್ತವೆ. ಇಂಧನ ಸಾಲದಿದ್ದರೆ ಬೇರೆ ಊರಿಗೆ ತಿರುಗಬೇಕಾಗುತ್ತದೆ. ಒಂದೇ ವಿಮಾನವು ದಿನವಿಡೀ ಊರಿಂದೂರಿಗೆ ಹಾರುವುದರಿಂದ ಬೆಳಗಿನ ತಡೆಯು ಸಂಜೆ ಮತ್ತಾವುದೋ ಊರಿನ ಪ್ರಯಾಣಿಕನನ್ನೂ ಕಾಯಿಸುತ್ತದೆ. ಅಮೆರಿಕಾದಲ್ಲಿ ಅಧ್ಯಕ್ಷರು ಹೋದಲ್ಲೆಲ್ಲ ಸುತ್ತಲೂ ಸಾಮಾನ್ಯವಾಗಿ 30 ನಾಟಿಕಲ್ ಮೈಲಿ, ಎಂದರೆ ಸುಮಾರು 55 ಕಿಲೋಮೀಟರು ದೂರದವರೆಗೆ ಹಾರಾಟಕ್ಕೆ ನಿರ್ಬಂಧವಿರುತ್ತದೆ. ಖಾಸಗಿ ಸಣ್ಣ ವಿಮಾನಗಳಿಗೆ ಅದರ ಒಳವಲಯದಲ್ಲಿ ಎಡೆಯೇ ಇಲ್ಲ. ದೆಹಲಿಯಲ್ಲಿ 2024ರ ಗಣರಾಜ್ಯೋತ್ಸವದ ನಿಮಿತ್ತ ಜನವರಿ 19ರಿಂದ 26ರವರೆಗೆ ಪ್ರತಿದಿನ ಬೆಳಿಗ್ಗೆ 10.20ರಿಂದ ಮಧ್ಯಾಹ್ನ 12.45ರವರೆಗೆ ವಿಮಾನಗಳ ಏರಿಳಿತವನ್ನೇ ನಿಲ್ಲಿಸಿದ್ದರು. ಆದರೆ ಅದನ್ನು ಮುಂಚಿತವಾಗಿ ಪ್ರಕಟಿಸಿದ್ದರು. ಮೊದಲೇ ತಿಳಿದ ತಡೆಯನ್ನು ಜನ ಸಹಿಸಿಕೊಳ್ಳುತ್ತಾರೆ. ರಸ್ತೆಯಲ್ಲಿ ಮಹನೀಯರ ಮಾರ್ಗವನ್ನು ಭದ್ರತೆಗಾಗಿ ಗುಟ್ಟಾಗಿಡುವುದರಿಂದ ಆ ಅನುಕೂಲ ಅಷ್ಟಾಗಿ ಇಲ್ಲ. ಹೀಗಿರುವಾಗ ರೋಗಿಯ ಪ್ರಾಣವು ಕಡೆಗೆ ಅಡ್ಡಗಟ್ಟಿ ನಿಂತ ಪೇದೆಯ ವಿವೇಕವನ್ನೇ ಅವಲಂಬಿಸುತ್ತದೆ.

ಆ ವಿವೇಕಕ್ಕೆ ಬೆಂಗಳೂರಿನಲ್ಲಿಯೇ ಒಂದು ಉಜ್ವಲ ನಿದರ್ಶನವಿದೆ. 2017ರ ಜೂನ್ 17ರಂದು ರಾಷ್ಟ್ರಪತಿ ಪ್ರಣಬ್ ಮುಖರ್ಜಿಯವರು ನಮ್ಮ ಮೆಟ್ರೊದ ಹಸಿರು ಮಾರ್ಗದ ಉದ್ಘಾಟನೆಗೆಂದು ಬಂದಿದ್ದರು. ಅವರ ವಾಹನಗಳ ಸಾಲು ರಾಜಭವನದತ್ತ ಸಾಗುತ್ತಿರುವಾಗ ಟ್ರಿನಿಟಿ ವೃತ್ತದಲ್ಲಿ ಸಂಚಾರಿ ಸಬ್ ಇನ್‌ಸ್ಪೆಕ್ಟರ್ ಎಂ. ಎಲ್. ನಿಜಲಿಂಗಪ್ಪನವರು ಆಂಬುಲೆನ್ಸೊಂದು ಸಿಕ್ಕಿಕೊಂಡಿರುವುದನ್ನು ಕಂಡರು. ಕಂಡೊಡನೆ ರಾಷ್ಟ್ರಪತಿಗಳ ಸಾಲನ್ನೇ ತಡೆದು ಆಂಬುಲೆನ್ಸಿಗೆ ದಾರಿ ಬಿಡಿಸಿದರು. ಇದರಿಂದ ರಾಷ್ಟ್ರಪತಿಗಳ ಗೌರವಕ್ಕೆ ಕುಂದು ಬರಲಿಲ್ಲ. ಇಲಾಖೆಯೂ ಆ ಅಧಿಕಾರಿಯನ್ನು ದಂಡಿಸದೆ ಬಹುಮಾನವಿತ್ತು ಗೌರವಿಸಿತು.

ಇನ್ನೊಂದು ನಿದರ್ಶನ ದುಃಖದ್ದು. 2021ರ ಜೂನ್ 25ರಂದು ರಾಷ್ಟ್ರಪತಿ ರಾಮನಾಥ ಕೋವಿಂದರು ವಿಶೇಷ ರೈಲಿನಲ್ಲಿ ಕಾನ್ಪುರಕ್ಕೆ ಹೋದರು. ರೈಲು ಹಾದುಹೋಗುವುದಕ್ಕಾಗಿ ಗೋವಿಂದಪುರಿ ಮೇಲ್ಸೇತುವೆಯ ಮೇಲೆ ವಾಹನಗಳನ್ನು ತಡೆದರು. ಆಸ್ಪತ್ರೆಗೆ ಸಾಗಿಸುತ್ತಿದ್ದ ಅಸ್ವಸ್ಥ ಮಹಿಳೆಯೊಬ್ಬರು ಆ ದಟ್ಟಣೆಯಲ್ಲಿ ಸಿಕ್ಕಿಕೊಂಡು ಪ್ರಾಣ ಬಿಟ್ಟರು. ಸುದ್ದಿ ತಿಳಿದು ರಾಷ್ಟ್ರಪತಿಗಳು ನೊಂದುಕೊಂಡರು; ಅಧಿಕಾರಿಗಳ ಮೂಲಕ ಆ ಕುಟುಂಬಕ್ಕೆ ಸಂತಾಪ ತಿಳಿಸಿದರು. ಪೊಲೀಸ್ ಆಯುಕ್ತರು ಕ್ಷಮೆ ಕೋರಿದರು. ಆದರೆ ಹೋದ ಜೀವ ಮರಳಿತೇ?

ಎರಡು ಘಟನೆಗಳಲ್ಲಿಯೂ ಪದವಿ ಒಂದೇ, ಕಾವಲಿನ ಕಟ್ಟಳೆಯೂ ಒಂದೇ. ಒಂದೆಡೆ ತಡೆದು ನಿಂತಾತನು ಹಿಂದಿರುಗಿ ನೋಡಿದನು, ಮತ್ತೊಂದೆಡೆ ನೋಡಲಿಲ್ಲ. ಹಾಗೆ ನೋಡುವವನಿಗೆ ಧೈರ್ಯವಿರಬೇಕಾದರೆ, ನೋಡಿದುದಕ್ಕಾಗಿ ದಂಡನೆಯಾಗದೆಂಬ ಭರವಸೆಯನ್ನು ಮೇಲಿನವರು ಮೊದಲೇ ಕೊಟ್ಟಿರಬೇಕು. 2017ರ ಮೇ 1ರಿಂದ ಮಂತ್ರಿಮಹೋದಯರ ಕಾರುಗಳ ಕೆಂಪು ದೀಪವನ್ನು ತೆಗೆಸಿದುದು ಸಂತೋಷದ ಸಂಗತಿ. ದೀಪ ಆರಿದಂತೆ, ನಿಂತ ದಾರಿಯಲ್ಲಿ ಮೊದಲ ಹಕ್ಕು ರೋಗಿಯದೆಂಬ ತಿಳಿವಳಿಕೆಯೂ ಬೆಳಗಬೇಕು.

ನಮ್ಮ ಪಾಲಿನ ಕರ್ತವ್ಯವೂ ಇದೆ. ಬೆಂಗಳೂರಿಗೆ ಹೊರಡುವ ಮುನ್ನ ಅಂದಿನ ಪತ್ರಿಕೆಯಲ್ಲಿ ಸಂಚಾರ ಪೊಲೀಸರ ಪ್ರಕಟಣೆಯನ್ನು ನೋಡಿಕೊಳ್ಳಿರಿ. ದೇವನಹಳ್ಳಿಗೆ ಹೋಗಬೇಕಾದವರು ಅತ್ತಿಬೆಲೆಯಿಂದ ಸರ್ಜಾಪುರ, ಹೊಸಕೋಟೆಗಳ ಮೇಲೆ ಸಾಗಿದರೆ ನಗರದ ಒಡಲನ್ನು ಹೊಗದೆಯೇ ತಲಪಬಹುದು. ರೋಗಿ ಜೊತೆಗಿದ್ದರೆ 108ಕ್ಕೆ ಕರೆ ಮಾಡಿರಿ. ಎರಡೂ ರಾಜ್ಯಗಳಲ್ಲಿ ಅದೇ ಸಂಖ್ಯೆ. ಆಂಬುಲೆನ್ಸಿಗೆ ದಾರಿ ಬಿಡದವರಿಗೆ 10,000 ರೂಪಾಯಿಗಳ ದಂಡವನ್ನು, ಇಲ್ಲವೇ ಆರು ತಿಂಗಳವರೆಗೆ ಸೆರೆವಾಸವನ್ನು, ಇಲ್ಲವೇ ಎರಡನ್ನೂ 2019ರ ಮೋಟಾರು ವಾಹನ ತಿದ್ದುಪಡಿ ಕಾನೂನು ವಿಧಿಸಿದೆ ಎಂಬುದನ್ನು ಮಕ್ಕಳಿಗೂ ತಿಳಿಸಿರಿ.

ಅದಕ್ಕಿಂತ ಮುಖ್ಯವಾದುದು ಇನ್ನೊಂದಿದೆ. ನಿಂತ ದಾರಿಯಲ್ಲಿ ಆ ಕೂಗು ಕೇಳಿದರೆ ಬಸ್ಸಿನಿಂದಿಳಿದು, ಕಾವಲಿನವನ ಬಳಿ ಸಾರಿ, "ಅಯ್ಯಾ, ಹಿಂದೆ ಒಂದು ಜೀವವಿದೆ" ಎಂದು ವಿನಯದಿಂದ ಹೇಳಿರಿ. ಅವನೂ ಒಂದು ಮನೆಯ ಮಗ. ಅಂದು ನಾನು ಹೇಳದೆ ಕುಳಿತೆ. ಆ ಕೂಗು ಇಂದಿಗೂ ನನ್ನ ಕಿವಿಯಲ್ಲಿದೆ.