ಹತ್ತು ಗಂಟೆಗೆ ಸೌಂಡ್ ಬಂದ್

ಮುಂಬಯಿಯಲ್ಲಿ ನಮ್ಮವರ ಮದುವೆ ಕಾಗದದಲ್ಲಿ ರಿಸೆಪ್ಶನ್ ಸಮಯ ಸಂಜೆ 6.30 ಎಂದು ಅಚ್ಚಾಗಿರುತ್ತದೆ. ಮದುಮಕ್ಕಳು ಸ್ಟೇಜ್ ಹತ್ತುವಾಗ 7.45. ಕವರ್ ಹಿಡಿದು ಫೋಟೋಕ್ಕೆ ನಿಂತವರ ಸಾಲು ಕರಗುವಾಗ 8.45. ಅಷ್ಟರಲ್ಲಿ ವಿರಾರ್, ಕಲ್ಯಾಣದಿಂದ ಬಂದವರು ಊಟ ಮುಗಿಸಿ ಲೋಕಲ್ ಟ್ರೈನಿನ ಸಮಯ ನೋಡುತ್ತಿರುತ್ತಾರೆ. "ಹ್ಞಾಂ, ಈಗ ಡ್ಯಾನ್ಸ್ ಶುರು ಮಾಡಿ" ಎಂದು ನನಗೆ ಕೈಸನ್ನೆ ಬರುವಾಗ ಗಡಿಯಾರದಲ್ಲಿ 9.20. ಹತ್ತಕ್ಕೆ ನಾನು ಸೌಂಡ್ ಬಂದ್ ಮಾಡಬೇಕು. ಐದು ಗಂಟೆಯ ಬಾಡಿಗೆ ಕೊಟ್ಟ ಮನೆಯವರಿಗೆ ಸಿಕ್ಕಿದ್ದು ನಲವತ್ತು ನಿಮಿಷದ ಕುಣಿತ. ಅದರ ಸಿಟ್ಟು ಯಾರ ಮೇಲೆ? ಡಿಜೆಯ ಮೇಲೆ.

ನಾನು ಕುಂದಾಪುರ ಕಡೆಯವನು, ಈ ಊರಿನಲ್ಲಿ ಮೊಬೈಲ್ ಡಿಜೆ. ಕ್ಲಬ್ಬಿನಲ್ಲಿ ನಿಂತಲ್ಲೇ ನಿಂತು ಹಾಡು ಹಾಕುವವನಲ್ಲ, ಸಾಮಾನು ಕಟ್ಟಿಕೊಂಡು ನಿಮ್ಮ ಹಾಲ್‌ಗೆ ಬರುವವನು. 15 ಇಂಚಿನ ಎರಡು ಟಾಪ್, 18 ಇಂಚಿನ ಎರಡು ಬೇಸ್, ಕಂಟ್ರೋಲರ್, ಎರಡು ಲ್ಯಾಪ್‌ಟಾಪ್ (ಒಂದು ಕೈಕೊಟ್ಟರೆ ಇನ್ನೊಂದು), ಎರಡು ಕಾರ್ಡ್‌ಲೆಸ್ ಮೈಕ್, ಲೈಟು, ಹಗ್ಗದಂತೆ ಸುತ್ತಿಟ್ಟ ಕೇಬಲ್ಲು. ಎಲ್ಲವೂ ಒಂದು ಟಾಟಾ ಏಸ್‌ನಲ್ಲಿ ಹಿಡಿಸುತ್ತದೆ. ಮುಂಬಯಿಯಲ್ಲಿ ಅದಕ್ಕೆ 'ಛೋಟಾ ಹಾಥಿ' ಎಂದು ಹೆಸರು.

ಈ ಕೆಲಸದಲ್ಲಿ ಎಲ್ಲರ ಪಂಚಾಂಗವೂ ಬಾಯಿಪಾಠ ಇರಬೇಕು. ಆಷಾಢದಲ್ಲಿ ನಮ್ಮವರ ಮದುವೆ ಇಲ್ಲ. ಗುಜರಾತಿ, ಮಾರವಾಡಿಗಳಿಗೆ ಚಾತುರ್ಮಾಸ ಪೂರ್ತಿ ಇಲ್ಲ. ತುಳಸಿ ಮದುವೆ ಆದದ್ದೇ ಫೋನ್ ಬಿಡುವಿಲ್ಲದೆ ಹೊಡೆದುಕೊಳ್ಳುತ್ತದೆ, ಡಿಸೆಂಬರ್ ಮಧ್ಯದಲ್ಲಿ ಧನುರ್ಮಾಸ ಬಂದು ಮತ್ತೆ ತಣ್ಣಗಾಗುತ್ತದೆ. ಆ ಬಿಡುವಿನಲ್ಲಿ ಕೈಹಿಡಿಯುವವರು ಮಂಗಳೂರು ಕಡೆಯ ಕೆಥೋಲಿಕರು. ಕ್ರಿಸ್ಮಸ್ ಕಳೆದ ಮೇಲೆ ಮಾಲಾಡ್, ಬೊರಿವಲಿ, ವಸಾಯಿಯಲ್ಲಿ ಸಾಲುಸಾಲು ಮದುವೆ. ಮುಂಚಿನ ದಿನ ತೆಂಗಿನ ಹಾಲು ಹಚ್ಚುವ ರೋಸ್ ಶಾಸ್ತ್ರ, ಮರುದಿನ ಬ್ಯಾಂಡಿನೊಂದಿಗೆ ರಿಸೆಪ್ಶನ್. ಲೆಂಟ್ ಶುರುವಾದರೆ ಅವರದ್ದೂ ಇಲ್ಲ. ಹೀಗೆ ನಾಲ್ಕು ಸಮುದಾಯದ ನಾಲ್ಕು ಪಂಚಾಂಗ ಸೇರಿಸಿ ಹೊಲಿದರೆ ಒಬ್ಬ ಡಿಜೆಯ ಒಂದು ವರ್ಷ.

ಪಂಚಾಂಗ ಬೇರೆ ಬೇರೆ ಆದರೂ ಹತ್ತು ಗಂಟೆ ಎಲ್ಲರಿಗೂ ಒಂದೇ. ಪರಿಸರ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ 2000ನೇ ಇಸವಿಯಲ್ಲಿ ಬಂದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಬಳಸುವಂತಿಲ್ಲ. 2005ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಮಾಡಿತು. "ಪೊಲೀಸ್ ಪರವಾನಗಿ ತಂದರೆ ಹನ್ನೆರಡರವರೆಗೆ ಆಗುತ್ತದಲ್ಲ?" ಎಂದು ಪ್ರತಿ ಸೀಸನ್ನಿನಲ್ಲೂ ಯಾರಾದರೂ ಕೇಳುತ್ತಾರೆ. ಆಗುವುದಿಲ್ಲ. ಮಧ್ಯರಾತ್ರಿಯವರೆಗಿನ ಸಡಿಲಿಕೆಯನ್ನು ರಾಜ್ಯ ಸರಕಾರ ಕೊಡಬೇಕು, ಅದೂ ವರ್ಷಕ್ಕೆ ಹೆಚ್ಚೆಂದರೆ 15 ದಿನ, ಸಾಂಸ್ಕೃತಿಕ ಇಲ್ಲವೇ ಧಾರ್ಮಿಕ ಹಬ್ಬಗಳಿಗೆ. ನವರಾತ್ರಿ, ಗಣಪತಿಗೆ ಆ ದಿನಗಳು ಹೋಗುತ್ತವೆ. ನಿಮ್ಮ ಮಗಳ ಮದುವೆ ನಿಮಗೆ ಹಬ್ಬವೇ ಸರಿ, ಸರಕಾರದ ಪಟ್ಟಿಯಲ್ಲಿ ಅದು ಇಲ್ಲ.

ಬಾಗಿಲು ಮುಚ್ಚಿದ ಬ್ಯಾಂಕ್ವೆಟ್ ಹಾಲ್‌ನ ಒಳಗೆ, ಒಳಗಿನವರಿಗೆ ಮಾತ್ರ ಕೇಳುವಂತೆ ಬಳಸಲು ನಿಯಮದಲ್ಲೇ ಅವಕಾಶ ಉಂಟು. ಆದರೆ ಜಾಗದ ಗಡಿ ದಾಟಿ ಕೇಳುವ ಸದ್ದಿಗೆ ಅಲ್ಲೂ ಮಿತಿ ಇದೆ. ಘೋಡ್‌ಬಂದರ್ ರಸ್ತೆಯ ಲಾನ್, ಕಟ್ಟಡದ ಟೆರೇಸ್, ಸೊಸೈಟಿಯ ಕಂಪೌಂಡ್ ಇವೆಲ್ಲ ಬಯಲು, ಇಲ್ಲಿ ವಾದಕ್ಕೇ ಜಾಗವಿಲ್ಲ.

ಸದ್ದಿನ ಲೆಕ್ಕ ಸ್ವಲ್ಪ ಹೇಳುತ್ತೇನೆ. ವಾಸದ ಪ್ರದೇಶಕ್ಕೆ ನಿಯಮ ಹಾಕಿದ ಮಿತಿ ಹಗಲಿಗೆ 55 ಡೆಸಿಬಲ್, ರಾತ್ರಿಗೆ 45. ಡ್ಯಾನ್ಸ್ ಫ್ಲೋರಿನಲ್ಲಿ ಸ್ಪೀಕರಿನಿಂದ ಮೂರು ಮೀಟರ್ ದೂರದಲ್ಲಿ 100 ಡೆಸಿಬಲ್ ಇರುವುದು ಸಾಮಾನ್ಯ. ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ಸುಮಾರು 6 ಡೆಸಿಬಲ್ ಇಳಿಯುತ್ತದೆ. 6 ಮೀಟರಿಗೆ 94, 12ಕ್ಕೆ 88, 24ಕ್ಕೆ 82, 48 ಮೀಟರಿಗೆ 76. ಮುಂಬಯಿಯ ಯಾವ ಲಾನಿನಿಂದ 48 ಮೀಟರ್ ದೂರದಲ್ಲಿ ಮಲಗುವ ಕೋಣೆ ಇಲ್ಲ ಹೇಳಿ? ಕಿಟಕಿ ಮುಚ್ಚಿದರೂ ಬೇಸ್ ಗೋಡೆ ದಾಟಿ ಬರುತ್ತದೆ. "ಸ್ವಲ್ಪ ಜೋರು ಮಾಡು ಮಾರಾಯಾ" ಎಂದು ಮಾವನವರು ಕೇಳಿದಾಗ ನಾನು ಬರೇ 3 ಡೆಸಿಬಲ್ ಏರಿಸಿದರೂ ಯಂತ್ರ ಎಳೆಯುವ ಶಕ್ತಿ ಇಮ್ಮಡಿ. ಮಾವನವರಿಗೆ ವ್ಯತ್ಯಾಸ ಗೊತ್ತೂ ಆಗುವುದಿಲ್ಲ, ಮತ್ತೆ ಕೇಳುತ್ತಾರೆ.

ಹತ್ತು ಕಳೆದು ಪೊಲೀಸರು ಬಂದರು ಎನ್ನೋಣ. "ಬಂದ್ ಕರಾ" ಎಂಬ ಒಂದೇ ಮಾತಿಗೆ ಹಾಲ್‌ನ ಮ್ಯಾನೇಜರ್ ಆಫೀಸಿನೊಳಗೆ ಹೋಗುತ್ತಾನೆ, ಮನೆಯ ಹಿರಿಯರು ಐಸ್‌ಕ್ರೀಮ್ ಕೌಂಟರಿನ ಕಡೆ ಸರಿಯುತ್ತಾರೆ. "ಇನ್ನೊಂದೇ ಪದ್ಯ" ಎಂದು ಹಟ ಹಿಡಿದ ಹುಡುಗರ ಗುಂಪು ಮಾಯ. ಪೊಲೀಸರ ಎದುರು ನಿಲ್ಲುವವನು ಯಂತ್ರದ ಹಿಂದೆ ಇದ್ದವನು. ಜಪ್ತಿಯಾಗುವುದು ಅವನ ಕಂಟ್ರೋಲರ್, ಅವನ ಟಾಪ್. ಬಿಡಿಸಿಕೊಳ್ಳಲು ಮ್ಯಾಜಿಸ್ಟ್ರೇಟ್ ಕೋರ್ಟಿನ ಆದೇಶ ಬೇಕು. ಅಷ್ಟು ದಿನ ಬಾಡಿಗೆ ಸೆಟ್ಟು ತಂದು ಮುಂದಿನ ಬುಕಿಂಗ್ ನಡೆಸಬೇಕು. ನನ್ನ ಪರಿಚಯದ ಒಬ್ಬ ಹುಡುಗ ಒಂದೇ ರಾತ್ರಿಯ ಜಪ್ತಿಯಿಂದ ಆ ಸೀಸನ್ನಿನ ದುಡಿಮೆಯಷ್ಟನ್ನೂ ಕಳಕೊಂಡು ಈಗ ಕೊರಿಯರ್ ಕಂಪನಿಯಲ್ಲಿ ಇದ್ದಾನೆ. ಅಂದು ಹತ್ತೂವರೆಯವರೆಗೆ ಹಾಡು ಹಾಕಿಸಿಕೊಂಡ ಮನೆಯವರು ಬಾಕಿ ಹಣಕ್ಕೂ ಚೌಕಾಶಿ ಮಾಡಿದರು.

ಇಷ್ಟು ಓದಿ, ಇವನು ನಿಯಮದ ವಿರುದ್ಧ ಬರೆಯುತ್ತಿದ್ದಾನೆ ಎಂದುಕೊಂಡಿದ್ದರೆ ಅಲ್ಲ. ನಮ್ಮ ವೃತ್ತಿಯವರಲ್ಲಿ ಹೆಚ್ಚಿನವರು ಸಮಯ ಹನ್ನೆರಡರವರೆಗೆ ವಿಸ್ತರಿಸಬೇಕು ಎನ್ನುತ್ತಾರೆ, ನಾನು ಬೇಡ ಎನ್ನುವವನು. ನಾನು ಇರುವುದು ಡೊಂಬಿವಲಿಯಲ್ಲಿ, ಎದುರಿಗೇ ಒಂದು ಲಾನ್. ಹೃದಯದ ಆಪರೇಶನ್ ಆಗಿ ಅಮ್ಮ ಊರಿನಿಂದ ಬಂದು ನಮ್ಮಲ್ಲಿ ಎರಡು ತಿಂಗಳು ಇದ್ದಾಗ, ಬೇಸಿನ ಒಂದೊಂದು ಹೊಡೆತಕ್ಕೂ ಎದೆಯ ಮೇಲೆ ಕೈಯಿಟ್ಟು ಕೂರುತ್ತಿದ್ದಳು. "ನೀನೂ ಹೀಗೇ ಮಾಡುವುದಾ?" ಎಂದು ಕೇಳಿದಳು. ಹತ್ತಕ್ಕೆ ನಿಲ್ಲಿಸುತ್ತೇನೆ ಎಂದೆ. ಎದುರಿನವರು ಹತ್ತಕ್ಕೆ ನಿಲ್ಲಿಸಿದ ದಿನ ಅವಳಿಗೆ ನಿದ್ದೆ ಬರುತ್ತಿತ್ತು, ಇಲ್ಲದ ದಿನ ಇಲ್ಲ. ಇದಕ್ಕಿಂತ ದೊಡ್ಡ ವಾದ ನನ್ನಲ್ಲಿಲ್ಲ.

ಮುಂಬಯಿಯಲ್ಲಿ ಈ ನಿಯಮ ತಾನಾಗಿ ಜಾರಿಯಾದದ್ದೂ ಅಲ್ಲ. ಸುಮೈರಾ ಅಬ್ದುಲಾಲಿಯವರ ಆವಾಜ್ ಫೌಂಡೇಶನ್, ಠಾಣೆಯ ವೈದ್ಯ ಡಾ. ಮಹೇಶ್ ಬೇಡೇಕರ್ ಅಂಥವರು ವರ್ಷಗಟ್ಟಲೆ ಹೈಕೋರ್ಟಿಗೆ ಅಲೆದದ್ದರಿಂದ ಪೊಲೀಸರ ಕೈಗೆ ಡೆಸಿಬಲ್ ಮೀಟರ್ ಬಂತು. 2018ರ ಗಣೇಶ ವಿಸರ್ಜನೆಗೆ ಮುಂಚೆ ಡಿಜೆ, ಡಾಲ್ಬಿ ಸಿಸ್ಟಮ್ ನಿಷೇಧದ ವಿರುದ್ಧ ನಮ್ಮ ಸೌಂಡ್-ಲೈಟ್ ವೃತ್ತಿಯವರ ಸಂಘ ಬಾಂಬೆ ಹೈಕೋರ್ಟಿಗೆ ಹೋಯಿತು, ಮಧ್ಯಂತರ ಪರಿಹಾರ ಸಿಗಲಿಲ್ಲ. 2025ರ ಜನವರಿಯಲ್ಲಿ ಕುರ್ಲಾ ನೆಹರೂ ನಗರದ ನಿವಾಸಿಗಳ ಅರ್ಜಿಯಲ್ಲಿ ಅದೇ ಕೋರ್ಟು, ದೂರು ಕೊಟ್ಟವರ ಗುರುತನ್ನು ಪೊಲೀಸರು ಹೊರಗೆ ಬಿಡಬಾರದು ಎಂದೂ ಹೇಳಿತು. ಹಾಗಾಗಿ "ಅಕ್ಕಪಕ್ಕದವರೆಲ್ಲ ನಮ್ಮ ಜನ, ಯಾರೂ ಕಂಪ್ಲೇಂಟ್ ಕೊಡುವುದಿಲ್ಲ" ಎಂಬ ಧೈರ್ಯ ಈಗ ಕೆಲಸಕ್ಕೆ ಬಾರದು. ನಿಮ್ಮ ಊಟ ಉಂಡು ಮನೆಗೆ ಹೋದವರೇ ಫೋನ್ ಮಾಡಿದರೂ ಗೊತ್ತಾಗುವುದಿಲ್ಲ.

ಹಾಗಾದರೆ ಕುಣಿಯುವುದು ಬೇಡವೇ? ಕುಣಿಯಬೇಕು, ನನ್ನ ಅನ್ನ ಅದು. ಹಗಲಲ್ಲಿ ಕುಣಿಯಿರಿ ಎನ್ನುತ್ತೇನೆ. ಕರಾವಳಿಯವರಿಗೆ ಇದು ಹೊಸ ಮಾತೂ ಅಲ್ಲ. ಊರಿನಲ್ಲಿ ಮದುವೆ ಎಂದರೆ ಮಧ್ಯಾಹ್ನದೊಳಗೆ ಮುಹೂರ್ತ, ಕೂಡಲೇ ಊಟ, ಮೂರು ಗಂಟೆಗೆ ಹಾಲ್ ಖಾಲಿ. ಕದ್ರಿ ಗೋಪಾಲನಾಥರು ಸ್ಯಾಕ್ಸೋಫೋನನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದ ಮೇಲೆ ನಮ್ಮ ಕಡೆಯ ಮಂಟಪಗಳಲ್ಲಿ ಅದೇ ಮಂಗಳವಾದ್ಯ ಎಂಬಂತಾಗಿದೆ. ಅದೂ ಹಗಲಿನ ಸಂಗೀತವೇ. ಸಂಜೆಯ ರಿಸೆಪ್ಶನ್ ಮುಂಬಯಿಯ ಆಫೀಸು ಸಮಯ ನಮಗೆ ಕಲಿಸಿದ್ದು. ಈಗ ಕುಣಿತವೆಲ್ಲ ಮುಂಚಿನ ದಿನದ ಮೆಹಂದಿಗೆ ಬಂದು ಸೇರಿದೆ. ಊರಿನಲ್ಲೂ ಮೆಹಂದಿಗೆ ಡಿಜೆ ಬೇಕೋ ಬೇಡವೋ ಎಂಬ ಜಗಳ ಎದ್ದಿರುವುದನ್ನು ನೀವು ಇದೇ ಪತ್ರಿಕೆಯಲ್ಲಿ ಓದಿರಬಹುದು. ಮೆಹಂದಿಗೆ ಮುಹೂರ್ತದ ಕಟ್ಟುಪಾಡು ಇಲ್ಲ. ಶನಿವಾರ 4.30ಕ್ಕೆ ಶುರು ಮಾಡಿ 9ಕ್ಕೆ ಮುಗಿಸಿದರೆ ನಿಮಗೆ ನಾಲ್ಕೂವರೆ ಗಂಟೆ, ಅಜ್ಜ ಅಜ್ಜಿಯರೂ ಇರುತ್ತಾರೆ, ಮನೆಗೆ ಹೋಗಲು ಟ್ರೈನೂ ಇರುತ್ತದೆ. ಹಗಲಿಗೂ ಮಿತಿ ಇದೆ, ಧ್ವನಿವರ್ಧಕಕ್ಕೆ ಲಿಖಿತ ಪರವಾನಗಿಯೂ ಬೇಕು. ಅದನ್ನು ತರುವುದು ಬುಕ್ ಮಾಡಿದವರ ಕೆಲಸ.

"ನಮ್ಮವರು ಟೈಮಿಗೆ ಬರುವುದಿಲ್ಲ" ಎನ್ನುವುದನ್ನು ನಾನು ನಂಬುವುದಿಲ್ಲ. 2021ರ ಏಪ್ರಿಲ್‌ನಲ್ಲಿ ಕೊರೊನಾ ಎರಡನೇ ಅಲೆಯ ಹೊತ್ತಿಗೆ ಮಹಾರಾಷ್ಟ್ರ ಸರಕಾರ ಮದುವೆಗೆ 25 ಜನ, ಎರಡು ಗಂಟೆ, ತಪ್ಪಿದರೆ 50,000 ರೂಪಾಯಿ ದಂಡ ಎಂದಿತ್ತು. ಆಗ ಇದೇ ಜನ ಎರಡು ಗಂಟೆಯೊಳಗೆ ಧಾರೆ, ಊಟ, ಫೋಟೋ ಎಲ್ಲ ಮುಗಿಸಿದರು. ನನ್ನ ಸ್ಪೀಕರುಗಳು ಆ ವರ್ಷ ಮಂಚದ ಪಕ್ಕ ಬಟ್ಟೆ ಒಣಗಿಸುವ ಸ್ಟ್ಯಾಂಡ್ ಆಗಿದ್ದವು, ಅದು ಬೇರೆ ಕಥೆ.

ಹಣದ ವಿಷಯ. 30,000 ರೂಪಾಯಿಯ ಬುಕಿಂಗ್ ಎಂದರೆ ಅಷ್ಟೂ ನನ್ನದಲ್ಲ. ಟೆಂಪೋ, ಹೆಚ್ಚುವರಿ ಲೈಟಿನ ಬಾಡಿಗೆ, ಮೂವರು ಹುಡುಗರ ಕೂಲಿ ಹೋಗಿ ಅರ್ಧಕ್ಕಿಂತ ಕಡಿಮೆ ಉಳಿಯುತ್ತದೆ. ಸಾಮಾನು ಇಳಿಸಿ, ಕಟ್ಟಿ, ಬಿಚ್ಚಿ, ಮತ್ತೆ ಹೇರುವ ಆ ಹುಡುಗರು ಮನೆ ಸೇರುವಾಗ ಒಂದು ಗಂಟೆ. ಕೊನೆಯ ಲೋಕಲ್ ತಪ್ಪಿದರೆ ನಾಲ್ಕರ ಸುಮಾರಿಗೆ ಮೊದಲ ಗಾಡಿ ಹೊರಡುವವರೆಗೆ ಪ್ಲಾಟ್‌ಫಾರ್ಮೇ ಗತಿ. ನಿಮ್ಮ ಅರ್ಧ ಗಂಟೆಯ ತಡ ಅವರ ಒಂದು ರಾತ್ರಿ. ಆದ್ದರಿಂದ ನಾನು ಈಗ ಕಾಗದದಲ್ಲಿ ಬರೆಸಿಕೊಳ್ಳುತ್ತೇನೆ: ಅರ್ಧ ಹಣ ಮುಂಗಡ, ಬಾಕಿ ಮೊದಲ ಹಾಡಿಗೆ ಮುಂಚೆ, 9.55ಕ್ಕೆ ಕೊನೆಯ ಹಾಡು, 10ಕ್ಕೆ ಬಂದ್. ನಮ್ಮವರಲ್ಲಿ "ನೀವು ಊರಿನವರೇ ಅಲ್ವಾ, ಕಾಗದ ಯಾಕೆ?" ಎಂದು ಮುಖ ಸಣ್ಣ ಮಾಡುವವರು ಇದ್ದಾರೆ. ಕ್ಯಾಟರಿಂಗಿನವರಿಗೆ ಪ್ಲೇಟು ಲೆಕ್ಕ ಬರೆದುಕೊಡುವಾಗ ಯಾರಿಗೂ ಬೇಸರವಿಲ್ಲ.

ಇನ್ನೊಂದು ಮಾತು, ಹಾಲ್‌ನವರು ಕೆಲವೊಮ್ಮೆ "ಹಾಡಿನ ಲೈಸೆನ್ಸ್ ತನ್ನಿ" ಎಂದು ಕಾಡುತ್ತಾರೆ. ಕಾಪಿರೈಟ್ ಕಾಯ್ದೆ 1957ರ 52(1)(ಝಡ್‌ಎ) ಕಲಂ ಮದುವೆ ಮೆರವಣಿಗೆಯನ್ನೂ ಮದುವೆಗೆ ಸಂಬಂಧಿಸಿದ ಸಾಮಾಜಿಕ ಸಂಭ್ರಮಗಳನ್ನೂ ವಿನಾಯಿತಿಯಲ್ಲಿ ಸೇರಿಸಿದೆ. 2023ರ ಜುಲೈ 24ರಂದು ಕೇಂದ್ರ ಸರಕಾರದ ಇಲಾಖೆ ಇದನ್ನೇ ಸಾರ್ವಜನಿಕ ನೋಟಿಸಿನಲ್ಲಿ ತಿಳಿಸಿತು. ಆ ನೋಟಿಸಿನ ಪ್ರತಿ ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಕಂಪನಿಯ ಪಾರ್ಟಿಗೆ, ಡಿಸೆಂಬರ್ 31ರ ಟಿಕೆಟ್ ಕಾರ್ಯಕ್ರಮಕ್ಕೆ ಈ ವಿನಾಯಿತಿ ಇಲ್ಲ, ಅಲ್ಲಿ ಲೈಸೆನ್ಸ್ ಬೇಕೇ ಬೇಕು. ಹಾಡು ಕಟ್ಟಿದವರಿಗೂ ಹೊಟ್ಟೆ ಇದೆ.

ಕೊನೆಗೆ ಕಿವಿ. 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆ ಇರಬಹುದು ಎನ್ನುತ್ತದೆ ವೃತ್ತಿ ಆರೋಗ್ಯದ ಲೆಕ್ಕ. 3 ಡೆಸಿಬಲ್ ಏರಿದಾಗಲೆಲ್ಲ ಸಮಯ ಅರ್ಧ. 100ಕ್ಕೆ ಬರುವಾಗ ಉಳಿಯುವುದು 15 ನಿಮಿಷ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸಂಗೀತದ ಜಾಗಗಳಿಗೆ ಹಾಕಿದ ಮೇಲ್ಮಿತಿಯೂ ಸರಾಸರಿ 100. ಸೀಸನ್ನಿನಲ್ಲಿ ವಾರಕ್ಕೆ ಐದು ರಾತ್ರಿ ಇದರ ನಡುವೆ ನಿಲ್ಲುವ ನಮ್ಮ ಹುಡುಗರಲ್ಲಿ ಹಲವರಿಗೆ ಮಲಗುವಾಗ ಕಿವಿಯಲ್ಲಿ ಜುಂಯ್ ಎನ್ನುವ ಸದ್ದು. ಹತ್ತಿ ತುರುಕಿಕೊಂಡರೆ ಸಾಕು ಎಂದುಕೊಂಡಿದ್ದಾರೆ, ಹತ್ತಿಯಿಂದ ಹೆಚ್ಚೇನೂ ತಡೆಯುವುದಿಲ್ಲ. ಇನ್ನು ಮದುವೆಗೆ ಬಂದ ಮಕ್ಕಳು ಬೇಸ್ ಪೆಟ್ಟಿಗೆಗೆ ಬೆನ್ನು ಕೊಟ್ಟು ಕೂರುವುದನ್ನು ನೀವೂ ನೋಡಿರುತ್ತೀರಿ. ಅಲ್ಲಿಂದ ಎಬ್ಬಿಸಿ, ದೂರದ ಕುರ್ಚಿಯಲ್ಲಿ ಕೂರಿಸಿ. ಕೈಗೂಸು ಇದ್ದವರು ಡ್ಯಾನ್ಸ್ ಶುರುವಾಗುವಾಗ ಹಾಲ್‌ನ ಹೊರಗೆ ನಿಲ್ಲುವುದೇ ಒಳ್ಳೆಯದು. ಫೋಮಿನ ಇಯರ್‌ಪ್ಲಗ್ ತುಂಬಿದ ಒಂದು ಡಬ್ಬಿ ನನ್ನ ಟೇಬಲಿನ ಎಡಬದಿಯಲ್ಲಿ ಯಾವಾಗಲೂ ಇರುತ್ತದೆ. ಕೇಳಿ ತೆಗೆದುಕೊಳ್ಳಿ, ದುಡ್ಡು ಬೇಡ.