ಡೋಣಿಯ ಹೂಳಿಗೆ ವಯಸ್ಸೆಷ್ಟು?

ಮೊನ್ನೆ ವಿಜಯಪುರದ ನಮ್ಮ ಮನೆಗೆ ಬಂದಿದ್ದ ಹಳೆಯ ವಿದ್ಯಾರ್ಥಿಯೊಬ್ಬ ಚಹಾ ಕುಡಿಯುತ್ತ, "ಸರ್, ಡೋಣಿ ದಂಡಿಮ್ಯಾಲ ನಾ ಕೇಳಿದ ಪ್ರಶ್ನೆ ನೆನಪೈತೇನ್ರಿ?" ಎಂದ. ನೆನಪಿತ್ತು. ಮರೆಯಲು ಯತ್ನಿಸಿ ಸೋತಿದ್ದೆನೆಂಬುದೇ ನಿಜ.

ಮೂವತ್ತು ವರ್ಷಗಳ ಹಿಂದಿನ ಮಾತು. ಒಂಬತ್ತನೆಯ ತರಗತಿಯ ಮಕ್ಕಳನ್ನು ಸಾರವಾಡದ ಬಳಿ ಡೋಣಿ ನದಿಯ ದಂಡೆಗೆ ಕರೆದೊಯ್ದಿದ್ದೆ. ನೆರೆ ಕೊರೆದ ದಂಡೆಯಲ್ಲಿ ಮಣ್ಣು ಪದರಪದರವಾಗಿ ಕಾಣುತ್ತಿತ್ತು. "ಈ ಮಣ್ಣಿಗೆ ವಯಸ್ಸೆಷ್ಟು?" ಎಂದು ಈತ ಕೇಳಿದ. "ಸಾವಿರಾರು ವರ್ಷ" ಎಂದು ಗಂಭೀರವಾಗಿ ಉತ್ತರಿಸಿದೆ. ಆತ ಎರಡು ಮೊಳ ಕೆಳಗಿನ ಪದರದಿಂದ ಪ್ಲಾಸ್ಟಿಕ್ ಚಪ್ಪಲಿಯ ತುಂಡೊಂದನ್ನು ಎಳೆದು ತೋರಿಸಿದ. ಮಕ್ಕಳು ನಕ್ಕರು, ನಾನು ಗದರಿಸಿದೆ. ಅಂದು ಗದರಿಸಿದ್ದು ತಪ್ಪು. ಇಂದು ಆ ಪ್ರಶ್ನೆಗೆ ನನ್ನಿಂದಾದ ಉತ್ತರವನ್ನು ಬರೆಯುತ್ತಿದ್ದೇನೆ.

ಮಹಾರಾಷ್ಟ್ರದ ಜತ್ತ ಸೀಮೆಯಲ್ಲಿ ಹುಟ್ಟಿ, ತಿಕೋಟಾ, ಬಬಲೇಶ್ವರ ಭಾಗಗಳನ್ನು ಹಾದು, ತಾಳಿಕೋಟೆಯ ಮಗ್ಗುಲಲ್ಲಿ ಸಾಗಿ ಕೃಷ್ಣೆಯನ್ನು ಸೇರುವ ಡೋಣಿ ನಮಗೆ ಅನ್ನವನ್ನೂ ಕೊಟ್ಟಿದೆ, ಕಣ್ಣೀರನ್ನೂ ತರಿಸಿದೆ. ಡೋಣಿ ಬೆಳೆದರೆ ಓಣಿಯೆಲ್ಲ ಕಾಳು ಎಂಬ ಹಿರಿಯರ ಮಾತು ಅದರ ಎರೆಮಣ್ಣಿನ ಹಿರಿಮೆ. ಅದೇ ಮಣ್ಣು ಪಾತ್ರದಲ್ಲಿ ಹೂಳಾಗಿ ತುಂಬಿ, ಮಳೆಗಾಲದಲ್ಲಿ ನೀರು ಹೊಲಗಳಿಗೆ ನುಗ್ಗುವುದು ಅದರ ಇನ್ನೊಂದು ಮುಖ. ನಮ್ಮ ತಂದೆಯವರು ತೋರಿಸುತ್ತಿದ್ದ ಬಾಂದಗಲ್ಲು ಈಗ ಮಣ್ಣಿನಡಿ ಮುಚ್ಚಿಹೋಗಿದೆ.

ಇಂತಹ ಮಣ್ಣಿನ ವಯಸ್ಸನ್ನು ಅಳೆಯುವ ವಿಧಾನವೊಂದುಂಟು. ಅದನ್ನು ಲ್ಯೂಮಿನೆಸೆನ್ಸ್ ಕಾಲನಿರ್ಣಯ ಎನ್ನುತ್ತಾರೆ. ಮಣ್ಣಿನಲ್ಲಿರುವ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂಗಳ ವಿಕಿರಣವೂ ಆಕಾಶದಿಂದ ಬರುವ ವಿಶ್ವಕಿರಣಗಳೂ ಮರಳಿನ ಬೆಣಚುಕಲ್ಲಿನ ಕಣಗಳಲ್ಲಿ ಅಲ್ಪಅಲ್ಪವಾಗಿ ಶಕ್ತಿಯನ್ನು ಕೂಡಿಡುತ್ತವೆ. ಬಿಸಿಲು ತಾಗಿದರೆ ಆ ಸಂಗ್ರಹ ಬರಿದಾಗುತ್ತದೆ. ಕಣ ಹೂತುಹೋದರೆ ಮತ್ತೆ ಮೊದಲಿನಿಂದ ತುಂಬತೊಡಗುತ್ತದೆ. ಬೆಳಕು ತಾಗದಂತೆ ಉಕ್ಕಿನ ಕೊಳವೆಯಲ್ಲಿ ಮಣ್ಣನ್ನು ತೆಗೆದು, ಕತ್ತಲೆಕೋಣೆಯಲ್ಲಿ ನೀಲಿ ಬೆಳಕು ಹಾಯಿಸಿದರೆ ಕಣಗಳು ಮಿನುಗುತ್ತವೆ. ಆ ಮಿನುಗಿನಿಂದ ಸಂಗ್ರಹವೆಷ್ಟೆಂದು ತಿಳಿಯುತ್ತದೆ. ಹಂಟ್ಲಿ ಮತ್ತು ಅವರ ಸಂಗಡಿಗರು 1985ರಲ್ಲಿ ಈ ದಾರಿಯನ್ನು ತೋರಿಸಿದರು. ನಮ್ಮ ದೇಶದಲ್ಲಿ ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯ ಈ ಕೆಲಸಕ್ಕೆ ಹೆಸರಾಗಿದೆ.

ಲೆಕ್ಕ ಸರಳ. ಸಾವಿರ ವರ್ಷಕ್ಕೆ 2 ಗ್ರೇ ಪ್ರಮಾಣದಲ್ಲಿ ವಿಕಿರಣ ಬೀಳುವ ಕಡೆ, ಕಣದಲ್ಲಿ 0.2 ಗ್ರೇ ಸಂಗ್ರಹವಿದ್ದರೆ ವಯಸ್ಸು ನೂರು ವರ್ಷ. ಆದರೆ ಎಳೆಯ ಹೂಳಿನಲ್ಲಿ ತೊಡಕುಗಳಿವೆ. ಕೆಸರು ತುಂಬಿದ ನೆರೆಯಲ್ಲಿ, ಅದೂ ರಾತ್ರಿ ಬಂದ ನೆರೆಯಲ್ಲಿ, ಎಲ್ಲ ಕಣಗಳಿಗೂ ಬಿಸಿಲು ತಾಗುವುದಿಲ್ಲ. ಹಳೆಯದು 0.4 ಗ್ರೇ ಉಳಿದುಬಿಟ್ಟರೆ ಕಳೆದ ವರ್ಷದ ಹೂಳೂ ಇನ್ನೂರು ವರ್ಷದ್ದೆಂದು ಸುಳ್ಳು ಹೇಳುತ್ತದೆ. ಹತ್ತು ಸಾವಿರ ವರ್ಷದ ಮಣ್ಣಿನಲ್ಲಿ ಲೆಕ್ಕಕ್ಕೆ ಬಾರದ ಈ ದೋಷ ಇಲ್ಲಿ ಎಲ್ಲವನ್ನೂ ಕೆಡಿಸುತ್ತದೆ. ಆದ್ದರಿಂದ ಒಂದೊಂದೇ ಕಣವನ್ನು ಅಳೆದು, ಪೂರ್ತಿ ಬರಿದಾಗಿದ್ದವನ್ನು ಹೆಕ್ಕಬೇಕು. 1963ರ ಸುಮಾರಿಗೆ ಅಣುಪರೀಕ್ಷೆಗಳ ಬೂದಿಯೊಡನೆ ಅತಿ ಹೆಚ್ಚಾಗಿ ಬಿದ್ದ ಸೀಸಿಯಂ-137ರ ಕುರುಹನ್ನೂ ಜೊತೆಗಿಟ್ಟು ತಾಳೆ ನೋಡಬೇಕು.

ನಮ್ಮ ಸೀಮೆಗೆ ಇನ್ನೆರಡು ತೊಡಕುಗಳಿವೆ. ಮಲಪ್ರಭೆಯ ದಂಡೆಯಲ್ಲಿ ಮರಳುಗಲ್ಲಿನಿಂದ ಬಂದ ಬೆಣಚು ಹೇರಳ. ಡೋಣಿಯದು ಕರಿಕಲ್ಲಿನ ನಾಡು, ಬೆಣಚು ಅಪರೂಪ. ಎರೆಮಣ್ಣು ಬೇಸಿಗೆಯಲ್ಲಿ ಬಿರಿದಾಗ ಮೇಲಿನ ಕಣಗಳು ಆಳಕ್ಕೆ ಬೀಳುತ್ತವೆ. ಆ ಚಪ್ಪಲಿಯ ತುಂಡೂ ಹಾಗೆಯೇ ಬಿದ್ದಿರಬಹುದು, ಇಲ್ಲವೇ ಆ ಪದರವೇ ಎಳೆಯದಿರಬಹುದು. ನೋಡಿದ ಮಾತ್ರಕ್ಕೆ ನಾನೂ ಹೇಳಲಾರೆ, ಆತನೂ ಹೇಳಲಾರ.

ಆದರೂ ಅಳೆಯಬೇಕೆಂಬುದೇ ನನ್ನ ಅಭಿಪ್ರಾಯ. ಡೋಣಿಯ ಹೂಳೆತ್ತಬೇಕೆಂಬ ಕೂಗು ಹಳೆಯದು, ನ್ಯಾಯವಾದದ್ದು. ಆದರೆ ಹೂಳು ಕಳೆದ ಐವತ್ತು ಅರವತ್ತು ವರ್ಷಗಳಲ್ಲಿಯೇ ವೇಗವಾಗಿ ತುಂಬಿದ್ದರೆ, ಮೇಲಿನ ಹೊಲಗಳ ಮಣ್ಣು ಕೊಚ್ಚಿಹೋಗುವುದನ್ನು ತಡೆಯದೆ ಎತ್ತಿದ ಹೂಳು ಮತ್ತೆ ಬಂದು ಕೂರುತ್ತದೆ. ನೂರಾರು ವರ್ಷಗಳಿಂದ ಒಂದೇ ವೇಗದಲ್ಲಿ ಬಂದಿದ್ದರೆ, ಅದು ನದಿಯ ಸ್ವಭಾವ. ನಾವೇ ಸರಿದು ಜಾಗ ಬಿಡಬೇಕು. ರೋಗವನ್ನರಿಯದೆ ಮದ್ದು ಕೊಡಬಾರದಲ್ಲವೇ? ಯಂತ್ರಗಳು ದಂಡೆಗೆ ಇಳಿಯುವ ಮುನ್ನ ನಾಲ್ಕಾರು ಕಡೆ ಕೊಳವೆಗಳನ್ನು ಹೊಡೆದು ಮಣ್ಣನ್ನು ತೆಗೆದಿಡಲಿ. ಕೆದಕಿ ಬಿಸಿಲಿಗೆ ಹರವಿದ ಮೇಲೆ ಆ ದಾಖಲೆ ನಿಮಿಷಗಳಲ್ಲಿ ಅಳಿಯುತ್ತದೆ. ನಮ್ಮ ಬಾಂದಗಲ್ಲಿನಂತಹ, ಹೂತ ಕಾಲ ತಿಳಿದ ಗುರುತುಗಳು ಆ ಅಳತೆಯನ್ನು ಒರೆಗೆ ಹಚ್ಚಲು ನೆರವಾದಾವು.

ಈಗ ಶಿಕ್ಷಕರಾಗಿರುವ ನನ್ನ ವಿದ್ಯಾರ್ಥಿಗಳಿಗೆ ಒಂದು ಮಾತು. ಮಕ್ಕಳು ಮಣ್ಣಿನ ವಯಸ್ಸು ಕೇಳಿದರೆ "ಗೊತ್ತಿಲ್ಲ, ಅಳೆಯಬೇಕು" ಎನ್ನಿರಿ. ಮೊನ್ನೆ ಬಂದವನಿಗೆ ನಾನು ಅಷ್ಟನ್ನೇ ಹೇಳಿದೆ. ಆತ ನಕ್ಕು, ಇನ್ನೊಂದು ಕಪ್ ಚಹಾ ಕೇಳಿದ.