ಬೇರೆಯವರ ಹಾಡು, ಕಾಳಿಂಗರಾಯರ ದನಿ

ಕುಣಿಗಲ್ ಕೆರೆಯನ್ನು ಕಣ್ಣಾರೆ ನೋಡಿದವರಿಗಿಂತ ಕಿವಿಯಾರೆ ಕೇಳಿದವರೇ ಕರ್ನಾಟಕದಲ್ಲಿ ಹೆಚ್ಚು. ಬೆಂಗಳೂರಿನಿಂದ ಹಾಸನದ ಕಡೆಗೆ ಹೋಗುವ ಬಸ್ಸುಗಳಲ್ಲಿ ಕೂತವರು ಕುಣಿಗಲ್ ಬಂತೆಂದು ಕತ್ತೆತ್ತಿ ನೋಡುವುದು ಅಪರೂಪ. ಆದರೆ ‘ಮೂಡಲ್ ಕುಣಿಗಲ್ ಕೆರೆ’ ಎಂದು ಯಾರಾದರೂ ಆ ಜನಪದ ಹಾಡಿನ ಹೆಸರೆತ್ತಿದರೆ ಸಾಕು, ಮುಂದಿನ ಸೊಲ್ಲನ್ನು ರಾಗವಾಗಿಯೇ ಹೇಳುತ್ತಾರೆ. ಹೇಳುವವರು ಉಡುಪಿಯವರಿರಬಹುದು, ಧಾರವಾಡದವರಿರಬಹುದು. ಅವರ ಬಾಯಲ್ಲಿ ಬರುವುದು ಬಹುಮಟ್ಟಿಗೆ ಒಂದೇ ಧಾಟಿ. ಆ ಧಾಟಿ ಕುಣಿಗಲ್ ಸೀಮೆಯ ಯಾವ ಅಜ್ಜಿಯಿಂದ ಬಂದಿತ್ತೋ, ನಾಡಿಗೆಲ್ಲ ಅದನ್ನು ಹಂಚಿದವರು ಮಾತ್ರ ಗಾಯಕ ಪಿ. ಕಾಳಿಂಗರಾಯರು.

ಈ ಸಂಚಿಕೆಯ ಸಂಪಾದಕರ ಮಾತನ್ನು ಅವರ ಧ್ವನಿಮುದ್ರಿಕೆಗಳಿಗೆ ಮೀಸಲಿಡುತ್ತಿದ್ದೇನೆ. ಅವರು ಹಾಡು ಬರೆದವರಲ್ಲ. ದಾಸರ ಪದ, ಜನಪದ ಗೀತೆ, ಹುಯಿಲಗೋಳ ನಾರಾಯಣರಾಯರ ‘ಉದಯವಾಗಲಿ ನಮ್ಮ ಚೆಲುವ ಕನ್ನಡ ನಾಡು’, ಜಿ.ಪಿ. ರಾಜರತ್ನಂ ಅವರ ರತ್ನನ ಪದಗಳು, ಎಲ್ಲವೂ ಬೇರೆಯವರ ಸೊತ್ತು. ನಮ್ಮಲ್ಲಿ ಹಾಡು ಕೇಳಿದ ಕೂಡಲೇ ‘ಇದು ಯಾರದ್ದು?’ ಎಂದು ಕೇಳುತ್ತೇವೆ, ಕವಿಯ ಹೆಸರು ಗೊತ್ತಾದರೆ ಸುಮ್ಮನಾಗುತ್ತೇವೆ. ಹಾಡಿದವನನ್ನು ‘ಕಂಠ ಚೆನ್ನಾಗಿದೆ’ ಎಂಬ ಎರಡು ಮಾತಿನಲ್ಲಿ ಮುಗಿಸುತ್ತೇವೆ. ಇದು ನನಗೆ ಯಾವತ್ತೂ ಸರಿ ಕಂಡಿಲ್ಲ.

ಅಮೆರಿಕದ ಜಾಝ್ ಲೋಕದಲ್ಲಿ ಎಲ್ಲರೂ ಹಾಡಬೇಕಾದ, ಹಾಡಿ ತಮ್ಮ ಕಸುವು ತೋರಿಸಬೇಕಾದ ಹಾಡುಗಳ ಒಂದು ಭಂಡಾರವೇ ಇದೆ. ಅವುಗಳನ್ನು ಸ್ಟಾಂಡರ್ಡ್ ಎನ್ನುತ್ತಾರೆ. ಎಲಾ ಫಿಟ್ಜ್‌ಜೆರಾಲ್ಡ್ 1956ರಲ್ಲಿ ಕೋಲ್ ಪೋರ್ಟರನ ಹಾಡುಗಳನ್ನೇ ಆಯ್ದು ಒಂದು ಧ್ವನಿಮುದ್ರಿಕೆ ತಂದರು. ಅದರ ಹಿಂದಿನ ವರ್ಷ ಫ್ರಾಂಕ್ ಸಿನಾತ್ರಾ ನಡುರಾತ್ರಿಯ ಒಂಟಿತನದ ಹಾಡುಗಳನ್ನು ಒಂದೇ ಎಲ್‌ಪಿಯಲ್ಲಿ ಪೋಣಿಸಿದ್ದರು. ಉಸಿರು ಹಿಡಿಯುವ ಬಗೆಯನ್ನು ಅವರು ಕಲಿತದ್ದು ಟಾಮಿ ಡಾರ್ಸಿ ಎಂಬ ಟ್ರಾಂಬೋನ್ ವಾದಕನನ್ನು ನೋಡಿ. ಇವರಿಬ್ಬರೂ ಹಾಡು ಬರೆದು ಹೆಸರಾದವರಲ್ಲ. ಆದರೂ ಅಲ್ಲಿನ ವಿಮರ್ಶಕರು ಒಬ್ಬ ಗಾಯಕ ಯಾವ ಪದದ ಮೇಲೆ ನಿಂತ, ಎಲ್ಲಿ ಉಸಿರು ತೆಗೆದ, ತಾಳಕ್ಕಿಂತ ಎಷ್ಟು ಹಿಂದೆ ಬಿದ್ದ ಎಂಬುದನ್ನೆಲ್ಲ ಪುಟಗಟ್ಟಲೆ ಬರೆದರು. ಕಾಳಿಂಗರಾಯರ ಬಗ್ಗೆ ನಾವು ಬರೆದಿರುವುದು ಹೆಚ್ಚಾಗಿ ಅವರ ಧಾರಾಳತನದ ಕಥೆಗಳನ್ನು, ಶೋಕಿಯ ಕಥೆಗಳನ್ನು. ಕಥೆಗಳು ಇರಲಿ ಬಿಡಿ. ದನಿಯ ಮಾತು ಯಾವಾಗ ಆಡುವುದು?

ಅವರು ಹುಟ್ಟಿದ್ದು 1914ರಲ್ಲಿ, ಉಡುಪಿ ಸೀಮೆಯ ಆರೂರಿನಲ್ಲಿ. ಯಕ್ಷಗಾನದ ನೆಲ. ಹುಡುಗನಾಗಿದ್ದಾಗಲೇ ನಾಟಕ ಮಂಡಳಿ ಸೇರಿದರು, ಹಿಂದೂಸ್ತಾನಿ ಕಲಿತರು, ಮದರಾಸಿನಲ್ಲಿದ್ದರು, ಸಿನಿಮಾಕ್ಕೂ ಸಂಗೀತ ಕೊಟ್ಟರು. 1981ರಲ್ಲಿ ತೀರಿಕೊಂಡರು. ಇದರಲ್ಲಿ ನನಗೆ ಮುಖ್ಯವಾಗಿ ಕಾಣುವುದು ನಾಟಕ ಮಂಡಳಿಯ ನಂಟು. ಅದರ ಅರ್ಥ ಗುಬ್ಬಿಯವರಿಗೆ ಬಿಡಿಸಿ ಹೇಳಬೇಕಿಲ್ಲ. 1884ರಲ್ಲಿ ಹುಟ್ಟಿದ ಗುಬ್ಬಿ ನಾಟಕ ಕಂಪನಿ ಊರೂರಿಗೆ ಟೆಂಟು ಹೊತ್ತು ತಿರುಗಿದ ಮೊದಲ ದಶಕಗಳಲ್ಲಿ ಮೈಕ್ ಎಂಬುದೇ ಇರಲಿಲ್ಲ. ಪೇಟಿ ಮಾಸ್ತರು ಏರಿಸಿ ಕೊಟ್ಟ ಶ್ರುತಿಗೆ ದನಿ ಎತ್ತಿ, ನೆಲದ ಟಿಕೆಟ್ಟಿನವನಿಗೂ ಕೊನೆಯ ಸಾಲಿನವನಿಗೂ ಅಕ್ಷರ ಅಕ್ಷರ ಮುಟ್ಟಿಸಬೇಕು. ಮುಟ್ಟದಿದ್ದರೆ ಒನ್ಸ್‌ಮೋರ್ ಇಲ್ಲ, ಶಿಳ್ಳೆಯೇ ಗತಿ. ಕಂಪನಿ ನಾಟಕದಿಂದ ಬಂದ ಗಾಯಕರಲ್ಲಿ ಪದ ಎಂದೂ ನುಂಗಿಹೋಗುವುದಿಲ್ಲ. ಅದು ಅಲ್ಲಿ ಹೊಟ್ಟೆಪಾಡಿನ ಪ್ರಶ್ನೆಯಾಗಿತ್ತು.

ಕಾಳಿಂಗರಾಯರ ಹೆಚ್ಚುಗಾರಿಕೆಯೆಂದರೆ, ಆ ತುಂಬು ದನಿಯನ್ನು ಮೈಕಿನ ಮುಂದೆ ಹೇಗೆ ಬಳಸಬೇಕೆಂದು ತಿಳಿದದ್ದು. ಅವರ ಹಳೆಯ ರೆಕಾರ್ಡುಗಳಲ್ಲಿ ಎದೆಯಿಂದ ಹೊರಡುವ ಗಟ್ಟಿ ದನಿಯೂ ಇದೆ, ಕಿವಿಯ ಹತ್ತಿರ ಬಂದು ಮಾತಾಡುವ ದನಿಯೂ ಇದೆ. ಒಂದರಿಂದ ಇನ್ನೊಂದಕ್ಕೆ ದಾಟುವಾಗ ಜೋಡಣೆಯ ಗೆರೆ ಕಾಣುವುದಿಲ್ಲ. ಶಾಸ್ತ್ರೀಯ ಸಂಗೀತ ಕಲಿತವನಿಗೆ ತಾನ್ ಹೊಡೆಯುವ ಚಪಲ ಇದ್ದೇ ಇರುತ್ತದೆ. ಭಾವಗೀತೆಯಲ್ಲಿ ಅವರು ಅದನ್ನು ಬಹಳ ಕಡೆ ತಡೆದುಕೊಂಡಿದ್ದಾರೆ. ಕೆಲವು ಕಡೆ ತಡೆದುಕೊಂಡಿಲ್ಲ, ಅದೂ ನಿಜ. ಅಂಥ ಕಡೆ ಕವಿತೆ ಸ್ವಲ್ಪ ಹಿಂದೆ ಸರಿದು ದಾರಿ ಬಿಟ್ಟುಕೊಡುತ್ತದೆ.

ತಾಂತ್ರಿಕ ಸಂಗತಿಯೊಂದನ್ನು ಇಲ್ಲಿ ಹೇಳಬೇಕು. ಅವರು ಗಾಯಕರಾಗಿ ಬೆಳೆದದ್ದು ನಿಮಿಷಕ್ಕೆ 78 ಸುತ್ತಿನ ಅರಗಿನ ಪ್ಲೇಟುಗಳ ಕಾಲದಲ್ಲಿ. ಹತ್ತಿಂಚಿನ ಪ್ಲೇಟಿನ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದುದು ಮೂರು, ಮೂರೂಕಾಲು ನಿಮಿಷ. ಜನಪದ ಹಾಡಿಗೆ ಅಂಥ ಗಡಿಯೇ ಇಲ್ಲ. ನಾಟಿ ಗದ್ದೆಯಲ್ಲೋ ಬೀಸುಕಲ್ಲಿನ ಮುಂದೆಯೋ ಹಾಡುವಾಗ ಕೆಲಸ ಮುಗಿಯುವ ತನಕ ಸೊಲ್ಲಿಗೆ ಸೊಲ್ಲು ಸೇರುತ್ತದೆ. ಮೊದಲನೆಯವಳು ಮರೆತದ್ದನ್ನು ಎರಡನೆಯವಳು ಕಟ್ಟಿ ಸೇರಿಸುತ್ತಾಳೆ. ಅಂಥದ್ದನ್ನು ಮೂರು ನಿಮಿಷಕ್ಕೆ ಇಳಿಸಬೇಕಾದರೆ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು, ಯಾವುದನ್ನು ಪಲ್ಲವಿಯ ಹಾಗೆ ಮತ್ತೆ ಮತ್ತೆ ತರಬೇಕು ಎಂದು ಯಾರೋ ಕೂತು ತೀರ್ಮಾನ ಮಾಡಬೇಕು. ಹಾಡುವವನೇ ಆಗ ಅರ್ಧ ಕವಿಯಾಗುತ್ತಾನೆ. ಎಲ್‌ಪಿ, ಟೇಪು ಬಂದಮೇಲೂ ನಮ್ಮ ಹಾಡುಗಳು ಆ ಮೂರು ನಾಲ್ಕು ನಿಮಿಷದ ಅಳತೆಯನ್ನು ಬಿಡಲಿಲ್ಲ.

‘ಮೂಡಲ್ ಕುಣಿಗಲ್ ಕೆರೆ’ಯನ್ನು ಈ ಕಿವಿಯಿಂದ ಇನ್ನೊಮ್ಮೆ ಕೇಳಿ. ಹಾಡಿನಲ್ಲಿ ಕಥೆ ಎನ್ನುವಂಥದ್ದು ನಡೆಯುವುದಿಲ್ಲ. ಕೆರೆ ತುಂಬಿದೆ, ಚಂದ್ರ ಮೂಡುತ್ತಿದ್ದಾನೆ, ನೋಡಲು ಶಿವನೇ ಬರುತ್ತಾನೆ. ತುಂಬಿದ ನೀರಿಗೆ ನಿಂಬೆಹಣ್ಣಿನ ಹೋಲಿಕೆ, ಬಾಗಿದ ಕೆರೆಗೆ ಬಾಳೆಹಣ್ಣಿನ ಹೋಲಿಕೆ. ಸಂತೆಯಿಂದ ಬಂದ ಹೆಣ್ಣುಮಗಳ ಕುಕ್ಕೆಯಲ್ಲಿರುವ ಹಣ್ಣುಗಳೇ ಅಳತೆಗೋಲು. ಸಾಮಾನ್ಯ ಗಾಯಕನಾದರೆ ಇಲ್ಲಿ ಬೆರಗನ್ನು ನಟಿಸಲು ಹೋಗಿ ಕೆಡಿಸುತ್ತಾನೆ. ಕಾಳಿಂಗರಾಯರು ಬೆರಗುಪಡುವುದಿಲ್ಲ, ತೋರಿಸುತ್ತಾರೆ. ಏರಿಯ ಮೇಲೆ ನಿಂತು ನೆಂಟರಿಗೆ ಊರ ಕೆರೆ ತೋರಿಸುವ ಯಜಮಾನನ ನೆಮ್ಮದಿ ಆ ದನಿಯಲ್ಲಿದೆ. ಅವಸರವಿಲ್ಲ. ಅರ್ಥವಿಲ್ಲದ ಸೊಲ್ಲುಗಳಿಗೂ ಅರ್ಥವಿರುವ ಮಾತಿಗೆ ಕೊಟ್ಟಷ್ಟೇ ಮರ್ಯಾದೆ. ಅವರ ಜೊತೆಗೆ ಮೋಹನಕುಮಾರಿ, ಸೋಹನಕುಮಾರಿ ಎಂಬ ಇಬ್ಬರು ಗಾಯಕಿಯರು ಬಹುಕಾಲ ಹಾಡಿದರು. ಅವರನ್ನು ನಾವು ಹಿಮ್ಮೇಳವೆಂದು ಬದಿಗೆ ಸರಿಸಿಬಿಟ್ಟಿದ್ದೇವೆ. ಕಾಳಿಂಗರಾಯರ ಜನಪದ ಗೀತೆಗಳು ಒಂಟಿ ಗಾಯಕನ ಪ್ರದರ್ಶನವಾಗದೆ ಮೇಳದ ಗುಣ ಉಳಿಸಿಕೊಂಡಿದ್ದರೆ ಅದಕ್ಕೆ ಆ ಎರಡು ಹೆಣ್ಣು ದನಿಗಳೂ ಕಾರಣ.

ಇನ್ನೂ ಒಂದು ಬೆರಗು ಇದೆ. ಕರಾವಳಿಯವರ ಕನ್ನಡದ ಲಯವೇ ಬೇರೆ, ನಮ್ಮ ತುಮಕೂರು ಸೀಮೆಯ ಒಕ್ಕಲು ಮಾತಿನ ಎಳೆತವೇ ಬೇರೆ. ಆರೂರಿನಿಂದ ಬಂದವರೊಬ್ಬರು ಕುಣಿಗಲ್ಲಿನವರ ಮಾತನ್ನು ಕುಣಿಗಲ್ಲಿನವರೇ ಒಪ್ಪುವ ಹಾಗೆ ಹಾಡಿದರು. ರತ್ನನ ಪದಗಳಲ್ಲಿ ಇದು ಇನ್ನೂ ಕಷ್ಟದ ಕೆಲಸ. ರಾಜರತ್ನಂ ಕಟ್ಟಿದ ಹೆಂಡಗುಡುಕ ರತ್ನ ಹಳೆ ಮೈಸೂರಿನ ಆಡುಮಾತಿನವನು. ‘ಬ್ರಹ್ಮ ನಿಂಗೆ ಜೋಡಿಸ್ತೀನಿ’ ಹಾಡುವ ಎಷ್ಟೋ ಜನ ನಾಲಗೆ ತೊದಲಿಸಿ, ಬಿಕ್ಕಳಿಸಿ, ಸಭೆಯನ್ನು ನಗಿಸಿ ಚಪ್ಪಾಳೆ ಗಿಟ್ಟಿಸುತ್ತಾರೆ. ಕಾಳಿಂಗರಾಯರ ರತ್ನನಿಗೆ ಮಾನವಿದೆ. ಅವನು ಕುಡಿದಿದ್ದಾನೆ, ಆದರೆ ಆಡುತ್ತಿರುವುದು ಮುಖ್ಯವಾದ ಮಾತು ಎಂಬುದು ಅವನಿಗೆ ಗೊತ್ತು, ಅವರಿಗೂ ಗೊತ್ತು. ಕವಿತೆಯ ಮೇಲೆ ನಡೆದ ವಿಮರ್ಶೆಗಳಲ್ಲಿ ಈ ಹಾಡುಗಾರಿಕೆಯನ್ನೂ ಸೇರಿಸಿಕೊಳ್ಳಬೇಕು ಎಂಬುದು ನನ್ನ ವಾದ.

ಜಾನಪದ ವಿದ್ವಾಂಸರ ತಕರಾರು ನನಗೆ ಗೊತ್ತಿದೆ. ಸಭಾಂಗಣಕ್ಕೆ ಬಂದ ಜನಪದ ಗೀತೆ ಮಿಂದು ಮಡಿಯುಟ್ಟು ಬರುತ್ತದೆ, ಮಣ್ಣು ಉದುರಿರುತ್ತದೆ ಎನ್ನುತ್ತಾರೆ. ಒಂದು ಪ್ರಸಿದ್ಧ ಧ್ವನಿಮುದ್ರಿಕೆ ಬಂದಮೇಲೆ ಉಳಿದ ಧಾಟಿಗಳು ಒಂದೊಂದಾಗಿ ಬಾಯಿ ಕಟ್ಟಿಕೊಳ್ಳುತ್ತವೆ ಎಂಬ ಮಾತಂತೂ ಪೂರಾ ನಿಜ. ಶಾಲೆಯ ವಾರ್ಷಿಕೋತ್ಸವದಲ್ಲಿ ಕುಣಿಗಲ್ಲಿನ ಮಕ್ಕಳೂ ಇವತ್ತು ಹಾಡುವುದು ಮೊಬೈಲಿನಲ್ಲಿ ಕೇಳಿದ ಧಾಟಿಯನ್ನೇ. ಆದರೆ ಇದರ ಹೊಣೆಯನ್ನು ಗಾಯಕನ ತಲೆಗೆ ಕಟ್ಟುವುದು ತಪ್ಪು. ಅವರು ಒಂದು ಧಾಟಿಯನ್ನು ಉಳಿಸಿದರು. ಉಳಿದವನ್ನು ಉಳಿಸುವ ಕೆಲಸ ನಮ್ಮದಾಗಿತ್ತು. ನಮಗೆ ಪುರುಸೊತ್ತು ಸಿಗಲಿಲ್ಲ.

ಬೇರೆಯವರ ಹಾಡನ್ನು ಹಾಡುವವರು ತಮ್ಮದಾಗಿಸಿಕೊಳ್ಳುತ್ತಾರೆ ಎಂಬ ಮಾತಿಗೆ ಗುಬ್ಬಿಯ ಕಡೆಯಿಂದಲೂ ಸಾಕ್ಷಿ ಇದೆ. ತುಮಕೂರು ತಾಲ್ಲೂಕಿನ ಬೆಳ್ಳಾವೆಯ ನರಹರಿ ಶಾಸ್ತ್ರಿಗಳು ಗುಬ್ಬಿ ಕಂಪನಿಗೆ ಬರೆದ ‘ಸದಾರಮೆ’ಯ ಹಾಡುಗಳನ್ನು ಎಷ್ಟು ತಲೆಮಾರು, ಎಷ್ಟು ಗಂಟಲು ಹಾಡಿಲ್ಲ! ಕಳ್ಳನ ಪಾತ್ರದಲ್ಲಿ ಗುಬ್ಬಿ ವೀರಣ್ಣನವರು ಹಾಸ್ಯವನ್ನೇ ಹಾಡಾಗಿಸಿದರು. ಅವರ ಮೊಮ್ಮಗಳು ಬಿ. ಜಯಶ್ರೀ ರಂಗಗೀತೆಗಳನ್ನು ಹಾಡುವಾಗ ಅಜ್ಜನ ಕಾಲದ ಎತ್ತುಗಡೆಯೂ ಉಂಟು, ಆಧುನಿಕ ರಂಗಭೂಮಿಯ ಒರಟುತನವೂ ಉಂಟು. 2001ರಲ್ಲಿ ‘ನನ್ನ ಪ್ರೀತಿಯ ಹುಡುಗಿ’ ಚಿತ್ರದ ಕಾರಿನ ಹಾಡನ್ನು ಅವರು ಹಾಡಿದಾಗ ಕಾಲೇಜು ಹುಡುಗರು ಕುಣಿದದ್ದು ಕಂಪನಿ ನಾಟಕದ ಗಂಟಲಿಗೆ, ಅವರಿಗೆ ಅದು ಗೊತ್ತಿತ್ತೋ ಇಲ್ಲವೋ.

ಗುಬ್ಬಿ ಕಂಪನಿಯಲ್ಲೇ ಪಳಗಿದ ರಾಜ್‌ಕುಮಾರ್ ಅವರದು ಇನ್ನೂ ಸೊಗಸಾದ ಉದಾಹರಣೆ. 1978ರ ‘ಆಪರೇಷನ್ ಡೈಮಂಡ್ ರಾಕೆಟ್’ನಲ್ಲಿ ಜಿ.ಕೆ. ವೆಂಕಟೇಶ್ ಅವರು ರಾಜ್‌ಕುಮಾರ್ ಅವರಿಂದ ‘ಇಫ್ ಯು ಕಮ್ ಟುಡೇ’ ಎಂಬ ಇಂಗ್ಲಿಷ್ ಹಾಡನ್ನೇ ಹಾಡಿಸಿದರು. ನಮ್ಮ ಸೀಮೆಯ ಗರಡಿಯಿಂದ ಪಾಶ್ಚಾತ್ಯ ಪಾಪ್ ಸಂಗೀತಕ್ಕೆ ಹೋದ ನೇರ ದಾರಿ ಅದೊಂದೇ ಇರಬೇಕು. ಇಂಟರ್‌ನೆಟ್ಟಿನ ಹುಡುಗರು ಅದನ್ನು ತಮಾಷೆಗೆ ಬಳಸುತ್ತಾರೆ. ತಮಾಷೆ ಬದಿಗಿಟ್ಟು ಕೇಳಿದರೆ ಅಲ್ಲಿನ ಇಂಗ್ಲಿಷ್ ಅಕ್ಷರಗಳು ಕಂದಪದ್ಯದ ಅಕ್ಷರಗಳಷ್ಟೇ ಸ್ಪಷ್ಟ. ಪರಭಾಷೆಯಲ್ಲೂ ಕೊನೆಯ ಸಾಲಿನವನಿಗೆ ಮುಟ್ಟಿಸುವ ಹಟ ಬಿಟ್ಟಿಲ್ಲ.

1978ರಲ್ಲೇ ಮೈಸೂರು ಅನಂತಸ್ವಾಮಿಯವರ ‘ನಿತ್ಯೋತ್ಸವ’ ಕ್ಯಾಸೆಟ್ ಬಂತು, ಭಾವಗೀತೆ ಮನೆಮನೆಗೆ ಹೋಯಿತು. ಆಮೇಲೆ ಗಾಯಕ ಸಿ. ಅಶ್ವತ್ಥ್ ಬಂದರು, ಮೈದಾನ ತುಂಬಿಸಿದರು. ಅದೆಲ್ಲ ಬೇರೆಯೇ ಲೇಖನದ ವಸ್ತು. ಈಗ ಹಳೆಯ ಹಾಡುಗಳನ್ನು ಹೊಸದಾಗಿ ಮಾಡುತ್ತೇವೆಂದು ಕೀಬೋರ್ಡು, ರಿದಮ್ ಪ್ಯಾಡು, ಎಕೋ ತುಂಬಿ ಹೊರತರುವವರಿಗೆ ಒಂದೇ ಮಾತು ಹೇಳಬೇಕೆನಿಸುತ್ತದೆ: ಕುಣಿಗಲ್ ಕೆರೆಗೆ ಎಕೋ ಬೇಡ.

ಕೆರೆಯ ಮಾತು ಬಂದಾಗ ಹೇಮಾವತಿ ನದಿಯ ನೀರು ನೆನಪಾಗದೆ ಇರುವುದಿಲ್ಲ. ಆ ನೀರನ್ನು ಕುಣಿಗಲ್ಲಿಗೆ ನೇರವಾಗಿ ಒಯ್ಯುವ ಎಕ್ಸ್‌ಪ್ರೆಸ್ ಕೆನಾಲಿನ ವಿಚಾರದಲ್ಲಿ ಗುಬ್ಬಿಯವರೂ ಕುಣಿಗಲ್ಲಿನವರೂ ಎದುರುಬದುರು ನಿಂತಿದ್ದಾರೆ. ನೀರಿನ ಪಾಲು ತೀರ್ಮಾನವಾಗಲಿ, ಯಾರಿಗೂ ಅನ್ಯಾಯವಾಗದಿರಲಿ. ಹಾಡಿನ ಪಾಲಿಗೆ ಅಂಥ ಜಗಳವಿಲ್ಲ. ಅದರ ಕಡೆ ತಿರುಗಿ ನೋಡುವವರೇ ಕಡಿಮೆ.

ಓದುಗರಲ್ಲಿ ಒಂದು ಕೋರಿಕೆ. ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ಹಳೆಯ ಮನೆಗಳ ಅಟ್ಟದಲ್ಲಿ ಕಾಳಿಂಗರಾಯರ, ಕಂಪನಿ ನಾಟಕದವರ ಪ್ಲೇಟುಗಳು ಇರಬಹುದು. ದಯವಿಟ್ಟು ಗುಜರಿಗೆ ಹಾಕಬೇಡಿ. ಒಂದರ ಮೇಲೊಂದು ಪೇರಿಸದೆ, ಪುಸ್ತಕದ ಹಾಗೆ ನಿಲ್ಲಿಸಿಡಿ, ಬಿಸಿಲಿನಿಂದ ದೂರವಿರಲಿ. ನಡುವಿನ ಲೇಬಲ್ಲಿನಲ್ಲಿ ಅಚ್ಚಾಗಿರುವ ಹೆಸರು, ಕಂಪನಿ, ನಂಬರು ಇಷ್ಟನ್ನು ಬರೆದೋ ಫೋಟೊ ತೆಗೆದೋ ನಮಗೆ ಕಳುಹಿಸಿ. ಮನೆಯಲ್ಲಿ ಕುಣಿಗಲ್ ಕೆರೆಯ ಹಾಡನ್ನು ಬೇರೆ ಧಾಟಿಯಲ್ಲಿ, ಬೇರೆ ಸೊಲ್ಲುಗಳೊಂದಿಗೆ ಹಾಡುವ ಅಜ್ಜಿಯೋ ಅತ್ತೆಯೋ ಇದ್ದರೆ ಅವರನ್ನು ಕೂರಿಸಿಕೊಂಡು, ಅವರ ಒಪ್ಪಿಗೆ ಪಡೆದು, ಪೂರ್ತಿಯಾಗಿ ಮೊಬೈಲಿನಲ್ಲಿ ಧ್ವನಿಮುದ್ರಿಸಿ. ಮೂರು ನಿಮಿಷಕ್ಕೆ ನಿಲ್ಲಿಸಬೇಡಿ. ಬಂದದ್ದನ್ನೆಲ್ಲ ಹಾಡಿದವರ, ಕಳುಹಿಸಿದವರ ಹೆಸರಿನೊಂದಿಗೆ ಮುಂದಿನ ಸಂಚಿಕೆಗಳಲ್ಲಿ ಪ್ರಕಟಿಸುತ್ತೇವೆ.